ಮಾತ್ರೆಯ ಅಳತೆ: ಒಂದು ಹಳೆಯ ಪ್ರಶ್ನೆಗೆ ತಡವಾದ ಉತ್ತರ



ಈ ಪುಟಗಳಲ್ಲಿ ಇದುವರೆಗೆ ನಾನು ಬರೆದದ್ದು ಬಹುಮಟ್ಟಿಗೆ ಶಾಲೆಯ ಪ್ರಸಂಗಗಳು, ಪ್ರವಾಸದ ನೆನಪುಗಳು, ಅಲ್ಲೊಂದು ಇಲ್ಲೊಂದು ವಿಜ್ಞಾನದ ಕಥೆ. ಇಂದು ಬರೆಯುತ್ತಿರುವುದೂ ವಿಜ್ಞಾನದ ಕಥೆಯೇ. ಆದರೆ ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿಕೊಂಡಿದೆ.

2010ರ ಒಂದು ಭಾನುವಾರದ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹೆಸರು, ಊರು, ಯಾವ ವರ್ಷದ ತಂಡ ಎಂಬುದನ್ನು ಹೇಳಲಾರೆ. ನಿಮ್ಮಲ್ಲಿ ಯಾರೂ ಊಹಿಸುವ ಗೋಜಿಗೆ ಹೋಗಬಾರದೆಂದು ಕೇಳಿಕೊಳ್ಳುತ್ತೇನೆ. ಈ ಲೇಖನವನ್ನು ಮೊದಲು ಅವನಿಗೆ ಓದಿ ಹೇಳಿ, ಅವನ ಒಪ್ಪಿಗೆ ಪಡೆದೇ ಇಲ್ಲಿ ಹಾಕುತ್ತಿದ್ದೇನೆ. “ಊರು ಬೇಡ ಸರ್, ವರ್ಷ ಬೇಡ. ಹೊಲಿಗೆ ಮಿಷನ್ ಮಾತ್ರ ಇರಲಿ” ಎಂದ.

ಅವನು ವೃತ್ತಿಯಿಂದ ದರ್ಜಿ. ಅವನಿಗೆ ಎಚ್‌ಐವಿ ಸೋಂಕಿರುವ ಸಂಗತಿ ನನಗೆ ತಿಳಿದದ್ದೇ ಆ ಸಂಜೆ. ನಮ್ಮ ದೇಶದಲ್ಲಿ ಸರ್ಕಾರವು 2004ರ ಏಪ್ರಿಲ್ 1ರಂದು ಎಂಟು ಆಸ್ಪತ್ರೆಗಳಲ್ಲಿ ಈ ಕಾಯಿಲೆಗೆ ಉಚಿತ ಔಷಧ ಕೊಡಲು ಆರಂಭಿಸಿತು. ಸೋಂಕು ಹೆಚ್ಚಾಗಿದ್ದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಮರುವರ್ಷ, ಅಂದರೆ 2005ರಲ್ಲಿ, ಇವನ ಚಿಕಿತ್ಸೆ ಆರಂಭವಾಯಿತು. ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಎಂಬ ಮೂರು ಔಷಧಗಳನ್ನು ಒಂದರಲ್ಲೇ ಸೇರಿಸಿದ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಆಗ ಅವನ ತೂಕ 60 ಕಿಲೋಗಿಂತ ಕಡಿಮೆ ಇದ್ದುದರಿಂದ ಮಾತ್ರೆಯಲ್ಲಿ ಸ್ಟಾವುಡಿನ್ 30 ಮಿಲಿಗ್ರಾಂ ಇತ್ತು. ಕೆಲವೇ ತಿಂಗಳಲ್ಲಿ ಜ್ವರ ನಿಂತಿತು, ಹಸಿವು ಹುಟ್ಟಿತು, ಮೈ ತುಂಬಿಕೊಂಡಿತು. ತೂಕ 60 ದಾಟಿದ್ದೇ ತಡ, ನಿಯಮದಂತೆ 40 ಮಿಲಿಗ್ರಾಮಿನ ಮಾತ್ರೆ ಕೈಗೆ ಬಂದಿತು. ವರ್ಷ ತುಂಬುವುದರೊಳಗೆ ಅಂಗಾಲು ಉರಿಯಲಾರಂಭಿಸಿತು. ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗದು, ಹಗಲು ಮಿಷನ್ ತುಳಿಯಲಾಗದು. ಕೆನ್ನೆಯ ಕೊಬ್ಬು ಕರಗಿ ಗುಳಿ ಬಿದ್ದಿತು. “ದಪ್ಪ ಆಗಿದ್ದಕ್ಕೆ ಶಿಕ್ಷೆ ಸಿಕ್ಕಿತು ಸರ್” ಎಂದು ನಗುತ್ತಾ ಹೇಳಿದ. ಮುಂದೆ ಮಾತ್ರೆ ಮತ್ತೆ 30ಕ್ಕೆ ಇಳಿಯಿತು. ಆಮೇಲೆ ಆ ಔಷಧವನ್ನೇ ಬಿಡಿಸಿ ಝಿಡೊವುಡಿನ್ ಎಂಬ ಬೇರೊಂದನ್ನು ಕೊಟ್ಟರು.

ಇಷ್ಟನ್ನೂ ಹೇಳಿ ಅವನು ಕೇಳಿದ ಪ್ರಶ್ನೆ ಇದು: “ಮೊದಲು 30 ಅಂದರು, ಆಮೇಲೆ 40 ಅಂದರು, ಮತ್ತೆ 30 ಅಂದರು, ಈಗ ಅದೇ ಬೇಡ ಅಂದರು. ಹಾಗಾದರೆ ಮೊದಲು ಕೊಟ್ಟದ್ದು ತಪ್ಪಾ ಸರ್?”

ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಲ್ಲುವ ವೃತ್ತಿಯಲ್ಲಿ ಒಂದು ದುರಭ್ಯಾಸ ಬೆಳೆದುಬಿಡುತ್ತದೆ. ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಬಾಯಿಗೆ ಬಂದಿರುತ್ತದೆ. “ಹೌದಪ್ಪ, ತಪ್ಪಾಗಿರಬೇಕು, ಅದಕ್ಕೇ ಬದಲಾಯಿಸಿದ್ದಾರೆ” ಎಂದುಬಿಟ್ಟೆ. ಅವನು ಕಾಫಿ ಕುಡಿದು ಹೋದ. ಅಂದಿನಿಂದ ನಾಲ್ಕು ತಿಂಗಳು ಅವನು ಯಾವ ಮಾತ್ರೆಯನ್ನೂ ನುಂಗಲಿಲ್ಲವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ಕೊಟ್ಟದ್ದು ತಪ್ಪಾದರೆ ಈಗ ಕೊಡುತ್ತಿರುವುದು ಸರಿ ಎಂಬುದಕ್ಕೆ ಏನು ಆಧಾರ? ಅವನ ತರ್ಕದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನನ್ನ ಉತ್ತರದಲ್ಲಿ. ಬಾಯಲ್ಲಿ ಬಿಳಿ ಹುಣ್ಣಾಗಿ, ಕೆಮ್ಮು ಹಿಡಿದು, ಸಿಡಿ4 ಎಂಬ ರಕ್ಷಣಾಕಣಗಳ ಎಣಿಕೆ ಕುಸಿದ ಮೇಲೆ, ಚಿಕಿತ್ಸಾಕೇಂದ್ರದ ಆಪ್ತಸಮಾಲೋಚಕಿಯೊಬ್ಬರು ಅವನನ್ನು ಹುಡುಕಿ ಕರೆತಂದರು. “ನಮ್ಮ ಮೇಷ್ಟ್ರೇ ಹೇಳಿದರು” ಎಂದನಂತೆ.

ಆ ಮಾತು ನನ್ನನ್ನು ಬಹುಕಾಲ ಕಾಡಿತು. ನಿವೃತ್ತಿಯ ಬಳಿಕ ಸಿಕ್ಕ ಬಿಡುವಿನಲ್ಲಿ, ಈ ಔಷಧಗಳ ಪ್ರಮಾಣವನ್ನು ಯಾರು, ಯಾವಾಗ, ಹೇಗೆ ನಿರ್ಧರಿಸಿದರೆಂಬುದನ್ನು ನನ್ನ ಶಕ್ತ್ಯಾನುಸಾರ ಓದಿ ತಿಳಿದುಕೊಂಡೆ. ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರವೇ ಈ ಲೇಖನ.

ನಾವು ಗುಳಿಗೆಗೆ ಮಾತ್ರೆ ಎನ್ನುತ್ತೇವೆ. ಮಾತ್ರಾ ಎಂದರೆ ಅಳತೆ. ಛಂದಸ್ಸಿನಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ನಾವು ಎಣಿಸುವುದೂ ಅದೇ ಮಾತ್ರೆಯನ್ನು. ಆಯುರ್ವೇದದಲ್ಲಿಯೂ ಔಷಧದ ಪ್ರಮಾಣಕ್ಕೆ ಅದೇ ಹೆಸರು. ಕಾಲಕ್ರಮದಲ್ಲಿ ಅಳತೆಯ ಹೆಸರು ವಸ್ತುವಿಗೆ ಅಂಟಿಕೊಂಡು, ಅಳತೆಯ ಅರ್ಥವೇ ನಮಗೆ ಮರೆತುಹೋಯಿತು. ಇರಲಿ, ವಿಷಯಕ್ಕೆ ಬರೋಣ.

ಝಿಡೊವುಡಿನ್ ಎಂಬ ಔಷಧದ ಇನ್ನೊಂದು ಹೆಸರು ಎ.ಝಡ್.ಟಿ. ಇದು ಹುಟ್ಟಿದ್ದು 1964ರಲ್ಲಿ, ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ. ಅಲ್ಲಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿದ್ದ ಜೆರೋಮ್ ಹಾರ್ವಿಟ್ಜ್ ಎಂಬ ರಸಾಯನವಿಜ್ಞಾನಿ ಕ್ಯಾನ್ಸರಿಗೆ ಮದ್ದು ಹುಡುಕುತ್ತಾ ಇದನ್ನು ತಯಾರಿಸಿದರು. ಇಲಿಗಳ ಮೇಲೆ ಅದು ಕೆಲಸ ಮಾಡಲಿಲ್ಲ. ಹಾರ್ವಿಟ್ಜ್ ಅದಕ್ಕೆ ಪೇಟೆಂಟನ್ನೂ ಪಡೆಯದೆ ಬದಿಗಿಟ್ಟರು. ನನ್ನ ಶಿಷ್ಯನ ಕಾಲು ಸುಟ್ಟ ಸ್ಟಾವುಡಿನ್ ಕೂಡ ಅದೇ ದಶಕದಲ್ಲಿ ಅವರ ಪ್ರಯೋಗಾಲಯದಲ್ಲೇ ತಯಾರಾದದ್ದು! ಅವರು 2012ರಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈ ಔಷಧಗಳಿಂದ ಕಂಪನಿಗಳು ಕೋಟಿಗಟ್ಟಲೆ ಗಳಿಸಿದರೂ ಪೇಟೆಂಟಿಲ್ಲದ ಅವರಿಗೆ ಅದರಲ್ಲಿ ಪಾಲು ಬರಲಿಲ್ಲ.

ಎ.ಝಡ್.ಟಿ. ಕೆಲಸ ಮಾಡುವ ಬಗೆಯನ್ನು ರೈಲುಗಾಡಿಯ ಉಪಮೆಯಿಂದ ಹೇಳಬಹುದು. ಎಚ್‌ಐವಿ ವೈರಸ್ಸು ನಮ್ಮ ಜೀವಕೋಶವನ್ನು ಹೊಕ್ಕು, ತನ್ನ ಆರ್‌ಎನ್‌ಎಯನ್ನು ನೋಡಿಕೊಂಡು ಡಿಎನ್‌ಎ ಪ್ರತಿಯನ್ನು ಹೆಣೆಯುತ್ತದೆ. ಬೋಗಿಗೆ ಬೋಗಿ ಕೊಂಡಿ ಹಾಕುತ್ತಾ ಹೋದಂತೆ ಅದು ಬೆಳೆಯುತ್ತದೆ. ಅದರಲ್ಲಿ ಥೈಮಿಡಿನ್ ಎಂಬುದೊಂದು ಬೋಗಿ. ಎ.ಝಡ್.ಟಿ. ನೋಡಲು ಥೈಮಿಡಿನ್‌ನಂತೆಯೇ ಇದೆ, ಆದರೆ ಅದಕ್ಕೆ ಮುಂದಿನ ಕೊಂಡಿ ಉಂಟು, ಹಿಂದಿನ ಕೊಂಡಿ ಇಲ್ಲ. ಒಮ್ಮೆ ಅದು ಸಾಲಿನಲ್ಲಿ ಸೇರಿಕೊಂಡಿತೆಂದರೆ ಮುಂದಿನ ಬೋಗಿ ಕೂಡಲಾಗದೆ ಗಾಡಿ ಅಲ್ಲಿಗೇ ನಿಲ್ಲುತ್ತದೆ. ತೊಂದರೆಯೇನೆಂದರೆ ನಮ್ಮ ಮೂಳೆಮಜ್ಜೆಯಲ್ಲಿಯೂ ದಿನವಿಡೀ ಹೊಸ ರಕ್ತಕಣಗಳು ಹುಟ್ಟುತ್ತಿರುತ್ತವೆ, ಅಲ್ಲಿಯೂ ಡಿಎನ್‌ಎ ಹೆಣೆಯುವ ಕೆಲಸ ನಡೆದೇ ಇರುತ್ತದೆ. ಔಷಧ ಅತಿಯಾದರೆ ಆ ಕೆಲಸಕ್ಕೂ ಪೆಟ್ಟು. ವೈರಸ್ಸಿಗೆ ಸಾಕಾಗುವಷ್ಟು, ಮಜ್ಜೆಗೆ ಹೆಚ್ಚಾಗದಷ್ಟು: ಆ ನಡುವಿನ ಜಾಗ ಎಲ್ಲಿದೆ ಎಂಬುದೇ ಪ್ರಮಾಣದ ಪ್ರಶ್ನೆ.

1985ರ ಆರಂಭದಲ್ಲಿ, ಬರೋಸ್ ವೆಲ್ಕಮ್ ಕಂಪನಿ ಕಳುಹಿಸಿದ ಮಾದರಿಯನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸ್ಯಾಮ್ಯುಯೆಲ್ ಬ್ರೋಡರ್, ಹಿರೋಅಕಿ ಮಿತ್ಸುಯಾ ಮೊದಲಾದವರು ಪರೀಕ್ಷಿಸಿ, ಇದು ಎಚ್‌ಐವಿಯನ್ನು ತಡೆಯುತ್ತದೆಂದು ಕಂಡುಕೊಂಡರು. ಅದೇ ವರ್ಷದ ಜುಲೈ 3ರಂದು ಮೊದಲ ರೋಗಿಗೆ ಔಷಧ ಕೊಡಲಾಯಿತು. ಮೊದಲ ಹಂತದಲ್ಲಿದ್ದವರು 19 ಮಂದಿ. ಪ್ರಮಾಣವನ್ನು ಏಣಿಯ ಮೆಟ್ಟಿಲಿನಂತೆ ಏರಿಸುತ್ತಾ, ಮೊದಲು ರಕ್ತನಾಳಕ್ಕೆ ನೇರವಾಗಿ, ಬಳಿಕ ಬಾಯಿಯ ಮೂಲಕ ಕೊಟ್ಟು ಆರು ವಾರ ಗಮನಿಸಿದರು. 15 ಮಂದಿಯಲ್ಲಿ ರಕ್ಷಣಾಕಣಗಳು ಹೆಚ್ಚಿದವು. ರಕ್ತದಲ್ಲಿ ಈ ಔಷಧ ಸುಮಾರು ಒಂದು ಗಂಟೆಯಲ್ಲಿ ಅರ್ಧಕ್ಕೆ ಇಳಿದುಬಿಡುತ್ತಿತ್ತು. ಗಾಜಿನ ಕೊಳವೆಯಲ್ಲಿ ವೈರಸ್ಸನ್ನು ತಡೆದ ಮಟ್ಟವನ್ನು ರಕ್ತದಲ್ಲಿಯೂ ಕಾಯ್ದುಕೊಳ್ಳಬೇಕಾದರೆ ದೊಡ್ಡ ಪ್ರಮಾಣವನ್ನು ಮೇಲಿಂದ ಮೇಲೆ ಕೊಡಬೇಕಾಗಿತ್ತು. ಹೀಗೆ ಬಂದದ್ದು ನಾಲ್ಕು ಗಂಟೆಗೊಮ್ಮೆ 250 ಮಿಲಿಗ್ರಾಂ, ದಿನಕ್ಕೆ 1500 ಎಂಬ ಲೆಕ್ಕ.

ಸಾಮಾನ್ಯವಾಗಿ ಹೊಸ ಔಷಧಕ್ಕೆ ಹಲವಾರು ಪ್ರಮಾಣಗಳನ್ನು ಹೋಲಿಸಿ ನೋಡಲು ವರ್ಷಗಳೇ ಹಿಡಿಯುತ್ತವೆ. ಇಲ್ಲಿ ಆ ವ್ಯವಧಾನವಿರಲಿಲ್ಲ. ವಾರ್ಡುಗಳಲ್ಲಿ ಇಪ್ಪತ್ತು ಮೂವತ್ತರ ಪ್ರಾಯದವರು ಸಾಯುತ್ತಿದ್ದರು. ಹೆಚ್ಚು ಕೊಟ್ಟರೆ ರಕ್ತ ಕೆಡಬಹುದು, ಕಡಿಮೆ ಕೊಟ್ಟರೆ ಖಂಡಿತವಾಗಿ ಸಾವು. ಹಾಗಾಗಿ ಹೆಚ್ಚಿನ ಕಡೆಗೇ ವಾಲಿದರು. ಇದು ಅಜ್ಞಾನವೇ, ಸಂದೇಹವಿಲ್ಲ. ಆದರೆ ತಮಗೆ ತಿಳಿದಿಲ್ಲವೆಂಬುದನ್ನು ತಿಳಿದೇ ಇಟ್ಟ ಹೆಜ್ಜೆ.

1986ರಲ್ಲಿ 12 ವೈದ್ಯಕೇಂದ್ರಗಳಲ್ಲಿ 282 ರೋಗಿಗಳ ಮೇಲೆ ಎರಡನೆಯ ಹಂತ ನಡೆಯಿತು. ನೇತೃತ್ವ ಮಯಾಮಿಯ ವೈದ್ಯೆ ಮಾರ್ಗರೆಟ್ ಫಿಶ್ಲ್ ಅವರದು. 145 ಮಂದಿಗೆ ಎ.ಝಡ್.ಟಿ., 137 ಮಂದಿಗೆ ಹುಸಿಮಾತ್ರೆ, ಎಂದರೆ ಔಷಧವೇ ಇಲ್ಲದ, ನೋಡಲು ಅದರಂತೆಯೇ ಇರುವ ಗುಳಿಗೆ. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. 24 ವಾರ ನಡೆಯಬೇಕಾಗಿದ್ದ ಆ ಪರೀಕ್ಷೆಯನ್ನು ಸೆಪ್ಟೆಂಬರಿನಲ್ಲಿ ನಡುವಿನಲ್ಲೇ ನಿಲ್ಲಿಸಲಾಯಿತು. ಹುಸಿಮಾತ್ರೆಯ ಗುಂಪಿನಲ್ಲಿ 19 ಮಂದಿ ಸತ್ತಿದ್ದರು, ಔಷಧದ ಗುಂಪಿನಲ್ಲಿ ಒಬ್ಬರು.

ಈ ಎರಡು ಅಂಕಿಗಳನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ 19 ಮಂದಿಯೂ ಔಷಧ ಸಿಕ್ಕೀತೆಂಬ ಆಸೆಯಿಂದ ನಾಲ್ಕು ಗಂಟೆಗೊಮ್ಮೆ ಗುಳಿಗೆ ನುಂಗುತ್ತಿದ್ದವರು. ಪರೀಕ್ಷೆಯಲ್ಲಿದ್ದ ಕೆಲವರು ತಮ್ಮ ಗುಳಿಗೆಗಳನ್ನು ಗೆಳೆಯರೊಡನೆ ಹಂಚಿಕೊಂಡರೆಂದೂ ಹೇಳುತ್ತಾರೆ. ಅದನ್ನು ನಿಯಮೋಲ್ಲಂಘನೆ ಎಂದು ಬೈಯಲು ನನಗಂತೂ ಬಾಯಿ ಬಾರದು.

ಆದರೆ ಅದೇ ಪರೀಕ್ಷೆಯ ಇನ್ನೊಂದು ವರದಿಯೂ ಇದೆ. ಔಷಧ ಪಡೆದವರಲ್ಲಿ ಶೇಕಡ 24ರಷ್ಟು ಮಂದಿಯ ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗಿಳಿಯಿತು. ಹುಸಿಮಾತ್ರೆಯವರಲ್ಲಿ ಅದು ಶೇಕಡ 4. ಔಷಧದ ಗುಂಪಿನ ಶೇಕಡ 21 ಮಂದಿಗೆ ಮತ್ತೆ ಮತ್ತೆ ರಕ್ತ ಕೊಡಬೇಕಾಯಿತು. ಬಿಳಿಯ ರಕ್ತಕಣಗಳು ಅಪಾಯಕರವಾಗಿ ಕುಸಿದವರು ಶೇಕಡ 16. ಒಂದೇ ಪರೀಕ್ಷೆ ಎರಡು ಸತ್ಯಗಳನ್ನು ಒಟ್ಟಿಗೆ ಹೇಳಿತು: ಈ ಔಷಧ ಜೀವ ಉಳಿಸುತ್ತದೆ, ಈ ಪ್ರಮಾಣ ರಕ್ತವನ್ನು ಒಣಗಿಸುತ್ತದೆ.

1987ರ ಮಾರ್ಚ್ 19ರಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅನುಮತಿ ನೀಡಿತು. ಸೂಚಿಸಿದ ಪ್ರಮಾಣ ನಾಲ್ಕು ಗಂಟೆಗೊಮ್ಮೆ 200 ಮಿಲಿಗ್ರಾಂ, ಹಗಲೂ ರಾತ್ರಿಯೂ. ನೂರರ ಗುಳಿಗೆಗಳಾದ್ದರಿಂದ ದಿನಕ್ಕೆ ಹನ್ನೆರಡು. ಮಧ್ಯರಾತ್ರಿ ಗಡಿಯಾರ ಬಡಿಯಬೇಕು, ಎದ್ದು ನುಂಗಬೇಕು. ಸಿನಿಮಾ ಮಂದಿರದ ಕತ್ತಲಿನಲ್ಲಿ ಎಲ್ಲೋ ಒಂದು ಕಡೆ ಗುಳಿಗೆ ಡಬ್ಬಿಯ ಪುಟ್ಟ ಎಚ್ಚರಗಂಟೆ ಕಿಣಿಕಿಣಿ ಎಂದರೆ ಸುತ್ತಲಿದ್ದವರಿಗೆ ಗೊತ್ತಾಗುತ್ತಿತ್ತಂತೆ. ವರ್ಷಕ್ಕೆ ಸುಮಾರು ಎಂಟು ಹತ್ತು ಸಾವಿರ ಡಾಲರು ಬೆಲೆ. 1989ರ ಸೆಪ್ಟೆಂಬರಿನಲ್ಲಿ ಆಕ್ಟ್ ಅಪ್ ಸಂಘಟನೆಯ ಹೋರಾಟಗಾರರು ನ್ಯೂಯಾರ್ಕಿನ ಷೇರುಪೇಟೆಯೊಳಗೇ ನುಗ್ಗಿ, ಮಹಡಿಯ ಕಟಕಟೆಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ಕಂಪನಿ ಬೆಲೆಯನ್ನು ಶೇಕಡ 20ರಷ್ಟು ಇಳಿಸಿತು.

ಈಗ ಈ ಕಥೆಯ ಮುಖ್ಯ ಭಾಗಕ್ಕೆ ಬಂದೆವು. ಔಷಧ ಪೇಟೆಗೆ ಬಂದಾಯಿತು, ಜನ ಉಳಿಯುತ್ತಿದ್ದಾರೆ, ಇನ್ನೇನು ಎಂದು ಕೈತೊಳೆದುಕೊಳ್ಳಬಹುದಾಗಿತ್ತು. ಹಾಗಾಗಲಿಲ್ಲ. ಕಡಿಮೆ ಕೊಟ್ಟರೂ ಸಾಕಾದೀತೇ ಎಂಬುದನ್ನು ನೋಡಲು ಹೊಸ ಪರೀಕ್ಷೆಗಳು ನಡೆದವು. ಏಡ್ಸ್‌ಗೆ ಸಂಬಂಧಿಸಿದ ನ್ಯುಮೋನಿಯ ಒಮ್ಮೆ ಬಂದು ಹೋಗಿದ್ದ 524 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಳೆಯ 1500. ಇನ್ನೊಂದಕ್ಕೆ ಮೊದಲ ನಾಲ್ಕು ವಾರ 1200, ಆಮೇಲೆ 600 ಮಾತ್ರ. ಕಡಿಮೆ ಪಡೆದವರು ಬೇಗ ಸತ್ತರೇ? ಇಲ್ಲ. ಹದಿನೆಂಟು ತಿಂಗಳ ಕೊನೆಗೆ ದೊಡ್ಡ ಪ್ರಮಾಣದವರಲ್ಲಿ ಬದುಕುಳಿದವರು ಶೇಕಡ 52, ಸಣ್ಣ ಪ್ರಮಾಣದವರಲ್ಲಿ ಶೇಕಡ 63! ರಕ್ತಹೀನತೆಯೂ ಅವರಲ್ಲಿ ಕಡಿಮೆ. ರೋಗಲಕ್ಷಣಗಳಿನ್ನೂ ಕಾಣಿಸಿಕೊಳ್ಳದ 1338 ಜನರ ಮೇಲೆ ಪಾಲ್ ವೋಲ್ಬರ್ಡಿಂಗ್ ಮತ್ತು ಸಂಗಡಿಗರು ನಡೆಸಿದ ಮತ್ತೊಂದು ಪರೀಕ್ಷೆಯಲ್ಲಿಯೂ 1500ಕ್ಕೆ ಹೋಲಿಸಿದರೆ 500 ಮಿಲಿಗ್ರಾಂ ಅಷ್ಟೇ ಪರಿಣಾಮಕಾರಿಯಾಗಿತ್ತು, ಹಾನಿ ಕಡಿಮೆಯಿತ್ತು. 1990ರಲ್ಲಿ ಅಧಿಕೃತ ಪ್ರಮಾಣವನ್ನೇ ದಿನಕ್ಕೆ 600ಕ್ಕೆ ಇಳಿಸಲಾಯಿತು. ಮುಂದೆ ಅದು ಬೆಳಿಗ್ಗೆ 300, ರಾತ್ರಿ 300 ಎಂದಾಯಿತು. ಮಧ್ಯರಾತ್ರಿಯ ಗಡಿಯಾರ ಸುಮ್ಮನಾಯಿತು.

ಎರಡೂವರೆ ಪಟ್ಟು ಔಷಧ ಕೊಟ್ಟರೂ ಹೆಚ್ಚಿನ ಫಲ ಸಿಗದಿದ್ದುದೇಕೆ? ಇದಕ್ಕೆ ಕಾರಣ ತಿಳಿದಾಗ ನನಗೆ ನಮ್ಮೂರಿನ ಹಿಟ್ಟಿನ ಗಿರಣಿ ನೆನಪಾಯಿತು. ನುಂಗಿದ ಎ.ಝಡ್.ಟಿ. ಹಾಗೆಯೇ ಕೆಲಸ ಮಾಡುವುದಿಲ್ಲ. ಜೀವಕೋಶದೊಳಗೆ ಅದಕ್ಕೆ ಒಂದಾದ ಮೇಲೊಂದರಂತೆ ಮೂರು ಫಾಸ್ಫೇಟ್‌ಗಳು ಅಂಟಬೇಕು, ಆಗಲೇ ಅದು ವೈರಸ್ಸನ್ನು ತಡೆಯುವ ರೂಪ ತಾಳುವುದು. ಎರಡನೆಯದನ್ನು ಅಂಟಿಸುವ ಕಿಣ್ವ ಬಹಳ ನಿಧಾನಿ. ಬಾಗಿಲಲ್ಲಿ ಹತ್ತು ಮೂಟೆ ರಾಗಿ ಇಳಿಸಿದರೂ ಗಿರಣಿ ಗಂಟೆಗೆ ಬೀಸುವುದು ಅದರ ಶಕ್ತಿಯಷ್ಟನ್ನೇ. ಉಳಿದ ಮೂಟೆಗಳು ಓಡಾಡುವವರ ಕಾಲಿಗೆ ತೊಡರುತ್ತವೆ, ಅಷ್ಟೇ. ಒಳಗೆ ತಯಾರಾದ ಆ ರೂಪ ರಕ್ತದಲ್ಲಿನ ಔಷಧಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದಾದ್ದರಿಂದ ನಾಲ್ಕು ಗಂಟೆಗೊಮ್ಮೆ ನುಂಗಬೇಕಾಗಿಯೂ ಇರಲಿಲ್ಲ. 1985ರಲ್ಲಿ ಅಳೆದದ್ದು ರಕ್ತದ ಮಟ್ಟವನ್ನು. ಅಳೆಯಬೇಕಾಗಿದ್ದದ್ದು ಕೋಶದೊಳಗಿನದನ್ನು. “ಅತಿಯಾದರೆ ಅಮೃತವೂ ವಿಷ” ಎಂಬ ಗಾದೆಯನ್ನು ನಾವೆಲ್ಲ ಹೇಳುತ್ತೇವೆ, ಆದರೆ ಅತಿ ಎನ್ನುವುದು ಎಲ್ಲಿಂದ ಆರಂಭವಾಗುತ್ತದೆಂದು ಗಾದೆ ಹೇಳುವುದಿಲ್ಲ. ಅದನ್ನು ಹೇಳಿದವರು ಆ 524 ಮಂದಿ. ಅವರಲ್ಲಿ ಬಹುಪಾಲು ಜನ ಎರಡು ವರ್ಷಗಳೊಳಗೆ ತೀರಿಕೊಂಡರು. ಸಣ್ಣ ಪ್ರಮಾಣದವರಲ್ಲಿ ಕೂಡ ಎರಡು ವರ್ಷದ ಕೊನೆಗೆ ಉಳಿದದ್ದು ಶೇಕಡ 34. ಒಂಟಿ ಔಷಧಕ್ಕೆ ವೈರಸ್ಸು ಬೇಗನೆ ಒಗ್ಗಿಕೊಂಡುಬಿಡುತ್ತಿತ್ತು. ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮ ಬಂದದ್ದು 1996ರ ಸುಮಾರಿಗೆ.

ಇಲ್ಲಿ ಒಂದು ಅಡ್ಡಮಾತು. 1500 ಮಿಲಿಗ್ರಾಮಿನ ಕಾಲದಲ್ಲಿ ರಕ್ತವಿಲ್ಲದೆ ಬಿಳಿಚಿಕೊಂಡವರನ್ನು ಕಂಡ ಜನರಲ್ಲಿ “ರೋಗಕ್ಕಿಂತ ಈ ಮದ್ದೇ ಕೊಲ್ಲುತ್ತದೆ” ಎಂಬ ಮಾತು ಹುಟ್ಟಿತು. ಪ್ರಮಾಣ ಇಳಿದರೂ ಮಾತು ಇಳಿಯಲಿಲ್ಲ. 1999ರಲ್ಲಿ ದಕ್ಷಿಣ ಆಫ್ರಿಕದ ಅಧ್ಯಕ್ಷ ಥಾಬೊ ಎಂಬೆಕಿ ಸಂಸತ್ತಿನಲ್ಲಿಯೇ ಎ.ಝಡ್.ಟಿ.ಯ ವಿಷತ್ವವನ್ನು ಕುರಿತು ಮಾತನಾಡಿದರು. ಅಷ್ಟು ಹೊತ್ತಿಗೆ, ಗರ್ಭಿಣಿಯರಿಗೆ ಕೊನೆಯ ಕೆಲವು ವಾರ ದಿನಕ್ಕೆರಡು ಬಾರಿ 300 ಮಿಲಿಗ್ರಾಂ ಕೊಟ್ಟರೆ ಮಗುವಿಗೆ ಸೋಂಕು ತಗಲುವ ಸಂಭವ ಅರ್ಧಕ್ಕಿಳಿಯುತ್ತದೆಂದು ಥಾಯ್ಲೆಂಡಿನ ಪರೀಕ್ಷೆ ತೋರಿಸಿಕೊಟ್ಟಿತ್ತು. ಆದರೂ ಅಲ್ಲಿನ ಸರ್ಕಾರ ಔಷಧ ವಿತರಣೆಗೆ ವರ್ಷಗಟ್ಟಲೆ ಹಿಂಜರಿಯಿತು. ಆ ವಿಳಂಬದಿಂದ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ಅರ್ಧಸತ್ಯದ ಕೆಲಸ ಇಂಥದ್ದು. ಅಧ್ಯಕ್ಷರು ಸಂಸತ್ತಿನಲ್ಲಿ ಮಾಡಿದ್ದನ್ನೇ ನಾನು ನನ್ನ ಮನೆಯ ಜಗಲಿಯಲ್ಲಿ ಮಾಡಿದ್ದೆನಲ್ಲವೇ?

ಇನ್ನು ನಮ್ಮ ದೇಶದ ಮಾತು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಸುನಿತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರಿಂದ. ಅಮೆರಿಕದ ಆ ಪರೀಕ್ಷೆ ನಡೆದ ವರ್ಷವೇ ಅದು. ಆದರೆ ಔಷಧ ಬಡವರ ಕೈಗೆಟಕಲು ಬಹುಕಾಲ ಬೇಕಾಯಿತು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಗೆ ತಿಳಿಸಿದಾಗ ಜಗತ್ತೇ ಬೆರಗಾಯಿತು. ಅದಕ್ಕೆ ಮೊದಲು ಅದರ ಬೆಲೆ ಹತ್ತು ಸಾವಿರ ಡಾಲರಿಗೂ ಮಿಗಿಲಾಗಿತ್ತು. ಆ ಮೂರರಲ್ಲಿ ಒಂದು ಸ್ಟಾವುಡಿನ್. ಅದು ಅಗ್ಗ. ಅದರ ಇನ್ನೊಂದು ಗುಣವೆಂದರೆ ಎ.ಝಡ್.ಟಿ.ಯಂತೆ ರಕ್ತವನ್ನು ಇಳಿಸುವುದಿಲ್ಲ. ಮೊದಲೇ ರಕ್ತಹೀನತೆಯಿಂದ ಬಳಲುವ, ತಾಲ್ಲೂಕು ಮಟ್ಟದಲ್ಲಿ ಪದೇ ಪದೇ ರಕ್ತ ಪರೀಕ್ಷಿಸಲಾಗದ ನಮ್ಮ ದೇಶಕ್ಕೆ ಅದು ಸಣ್ಣ ಗುಣವಲ್ಲ. ಲಕ್ಷಾಂತರ ಜನ ಅದರಿಂದ ಹಾಸಿಗೆ ಬಿಟ್ಟು ಎದ್ದರು, ನನ್ನ ಶಿಷ್ಯನೂ ಎದ್ದ.

ಅಮೆರಿಕದಲ್ಲಿ 1994ರಲ್ಲಿ ಒಪ್ಪಿಗೆ ಪಡೆದಾಗಿನಿಂದ ಸ್ಟಾವುಡಿನ್‌ಗೆ ಇದ್ದ ನಿಯಮ, 60 ಕಿಲೋ ಮತ್ತು ಅದಕ್ಕಿಂತ ಹೆಚ್ಚು ತೂಕದವರಿಗೆ 40, ಉಳಿದವರಿಗೆ 30 ಮಿಲಿಗ್ರಾಂ, ದಿನಕ್ಕೆರಡು ಬಾರಿ. ಈ ಔಷಧ ನರಗಳ ತುದಿಯನ್ನೂ ಚರ್ಮದಡಿಯ ಕೊಬ್ಬನ್ನೂ ನಿಧಾನವಾಗಿ ಹಾಳುಮಾಡುತ್ತದೆ. ಕೆಲವರಲ್ಲಿ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಹಾನಿ ಹೆಚ್ಚು. ಹಳೆಯ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಣ್ಣ ಪ್ರಮಾಣವೂ ವೈರಸ್ಸನ್ನು ಅಷ್ಟೇ ಚೆನ್ನಾಗಿ ತಡೆಯುತ್ತದೆಂದು ಕಂಡುಬಂದಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ಎಷ್ಟೇ ಇರಲಿ 30 ಸಾಕು ಎಂದಿತು. 2009ರ ನವೆಂಬರ್ ಕೊನೆಯಲ್ಲಿ, ಬೇರೆ ಔಷಧಗಳು ಸಿಗುವಂತಾಗಿರುವುದರಿಂದ ಸ್ಟಾವುಡಿನ್ ಅನ್ನೇ ಕ್ರಮೇಣ ಕೈಬಿಡಿರೆಂದು ಎಲ್ಲ ದೇಶಗಳಿಗೂ ಸಲಹೆ ಮಾಡಿತು. 30, 40, 30, ಬೇಡ ಎಂಬ ನನ್ನ ಶಿಷ್ಯನ ನಾಲ್ಕು ಮೆಟ್ಟಿಲುಗಳ ಹಿಂದಿದ್ದ ಕಾರಣಗಳು ಇವು.

ಇಲ್ಲಿ ನನ್ನ ಸ್ವಂತ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಎ.ಝಡ್.ಟಿ.ಯ ವಿಷಯದಲ್ಲಿ ಔಷಧ ಬಂದ ಮೂರು ವರ್ಷಗಳಲ್ಲಿ ಪ್ರಮಾಣ ಇಳಿಯಿತು. ಸ್ಟಾವುಡಿನ್‌ಗೆ ಹದಿಮೂರು ವರ್ಷ ಹಿಡಿಯಿತು. ಮೊದಲನೆಯದನ್ನು ನುಂಗುತ್ತಿದ್ದವರು ಷೇರುಪೇಟೆಗೆ ನುಗ್ಗಬಲ್ಲವರಾಗಿದ್ದರು. ಎರಡನೆಯದನ್ನು ನುಂಗುತ್ತಿದ್ದವರು ಹೆಚ್ಚಾಗಿ ಆಫ್ರಿಕದ, ನಮ್ಮ ದೇಶದ ಬಡವರು. ಅಂಗಾಲಿನ ಉರಿಯನ್ನು ಹೇಳಿಕೊಳ್ಳಬೇಕಾದರೆ ಕಾಯಿಲೆಯ ಹೆಸರನ್ನೂ ಹೇಳಬೇಕಾಗಿದ್ದವರು. ಮೊದಲು ಹೆಚ್ಚು ಕೊಟ್ಟದ್ದನ್ನು ನಾನು ತಪ್ಪೆನ್ನಲಾರೆ. ಇಳಿಸಲು ಇಷ್ಟು ತಡಮಾಡಿದ್ದನ್ನು ತಪ್ಪೆನ್ನದಿರಲಾರೆ.

ಇಂಥ ಕೆಲಸ ಮುಂದೆಯೂ ನಡೆಯಿತು. ತಲೆಸುತ್ತು, ಕೆಟ್ಟ ಕನಸುಗಳಿಗೆ ಹೆಸರಾದ ಎಫವಿರೆಂಜ್ ಎಂಬ ಔಷಧವನ್ನು ವರ್ಷಾನುಗಟ್ಟಲೆ ದಿನಕ್ಕೆ 600 ಮಿಲಿಗ್ರಾಂ ಕೊಡಲಾಗುತ್ತಿತ್ತು. 400 ಸಾಕೆಂದು ಆಸ್ಟ್ರೇಲಿಯದ ಸಿಡ್ನಿಯ ಕಿರ್ಬಿ ಸಂಸ್ಥೆ 13 ದೇಶಗಳಲ್ಲಿ ನಡೆಸಿದ ಪರೀಕ್ಷೆ ತೋರಿಸಿದ್ದು 2014ರಲ್ಲಿ. ಆರಂಭದ ಪರೀಕ್ಷೆಯಲ್ಲಿಯೇ 200, 400, 600 ಮೂರರ ಫಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೂ 600ನ್ನೇ ಆರಿಸಿಕೊಂಡಿದ್ದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯೆಂದು ಹೇಳಿದ ಡೊಲುಟೆಗ್ರವಿರ್‌ನ ಪ್ರಮಾಣ 50 ಮಿಲಿಗ್ರಾಂ. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವವರಿಗೆ ಅದನ್ನು ದಿನಕ್ಕೆರಡು ಬಾರಿ ಕೊಡುತ್ತಾರೆ. ಏಕೆಂದರೆ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ಇದನ್ನು ಬೇಗ ಹೊರಹಾಕಿಸುತ್ತದೆ. ಎಲ್ಲೆಡೆಯೂ ಇಳಿಸುವುದೇ ಸರಿ ಎಂದು ಯಾರೂ ತಿಳಿಯಬಾರದೆಂದು ಇದನ್ನು ಹೇಳಿದೆ. ಹಾಗೆಯೇ, ಈ ಲೇಖನವನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ಅರ್ಧ ಮಾಡಿಕೊಳ್ಳಕೂಡದು. ಒಮ್ಮೆ ಒಬ್ಬನಿಗೆ ಹಾಗಾದದ್ದೇ ನನಗೆ ಸಾಕಾಗಿದೆ.

ಕಳೆದ ತಿಂಗಳು ಅವನನ್ನು ಮನೆಗೆ ಕರೆದು ಇದನ್ನು ಓದಿ ಹೇಳಿದೆ. 19 ಮತ್ತು 1 ಎಂಬಲ್ಲಿ ನಿಲ್ಲಿಸಿ, ಮತ್ತೊಮ್ಮೆ ಓದಲು ಹೇಳಿದ. ಗಿರಣಿಯ ಉಪಮೆ ಅವನಿಗೆ ಹಿಡಿಸಿತು. ಅವನ ಪಾದದ ಉರಿ ಬಹಳಷ್ಟು ಇಳಿದಿದೆ, ಪೂರ್ತಿ ಹೋಗಿಲ್ಲ. ಮಿಷನ್ನಿಗೆ ಈಗ ಮೋಟಾರು ಕೂಡಿಸಿಕೊಂಡಿದ್ದಾನೆ. “ಆವತ್ತು ನಾನು ಹಾಗೆ ಹೇಳಬಾರದಾಗಿತ್ತು” ಎಂದೆ. “ನಾನೂ ನಿಮ್ಮನ್ನ ಕೇಳೋ ಬದಲು ಡಾಕ್ಟರನ್ನ ಕೇಳಬೇಕಿತ್ತು ಸರ್” ಎಂದ. ಒಂಬತ್ತು ಗಂಟೆಯಾಗಿತ್ತು. ಜೇಬಿನಿಂದ ದಿನದ ಒಂದೇ ಒಂದು ಮಾತ್ರೆಯನ್ನು ತೆಗೆದು ನೀರು ಕೇಳಿದ. ನನ್ನ ಶ್ರೀಮತಿ ಲೋಟ ತಂದುಕೊಟ್ಟಳು. ನುಂಗಿ, ಗೌರಿ ಹಬ್ಬದ ಹೊಲಿಗೆ ರಾಶಿ ಬಿದ್ದಿದೆ ಎಂದು ಹೊರಟುಹೋದ.